ನೆರೆಯ ಸಭೆಯ ಧರ್ಮಪ್ರಾಂತಗಳೂ ಅವುಗಳ ಆಡಳಿತವೂ

(ಶತಮಾನೋತ್ಸವದ ಅಂಗವಾಗಿ ಉಳ್ಳಾಲದಲ್ಲಿ ಜರಗಿದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಮ್ಮ ಇಗರ್ಜಿಯ ನೂರು ವರ್ಷಗಳ ಚರಿತ್ರೆಯನ್ನು ಹೇಳಲು ನಮಗಿಂತ ಬಲ್ಲವರು ಈ ವೇದಿಕೆಯಲ್ಲಿದ್ದಾರೆ. ನಮಗೆ ಒಪ್ಪಿಸಿರುವ ವಿಷಯ ಬೇರೆ. ನಮ್ಮ ನೆರೆಯ ಪ್ರೊಟೆಸ್ಟಂಟ್ ಸಹೋದರರ ಸಭೆ, ಅಂದರೆ ಸಿ.ಎಸ್.ಐ. ಎಂದು ನಾವೆಲ್ಲ ಕರೆಯುವ ದಕ್ಷಿಣ ಭಾರತ ಸಭೆಯು ತನ್ನನ್ನು ಧರ್ಮಪ್ರಾಂತಗಳಾಗಿ ಹೇಗೆ ವಿಂಗಡಿಸಿಕೊಂಡಿತು, ಅವುಗಳ ಆಡಳಿತವನ್ನು ಹೇಗೆ ನಡೆಸುತ್ತದೆ ಎಂಬುದೇ ಆ ವಿಷಯ. ಕಥೊಲಿಕರ ಹಬ್ಬದಲ್ಲಿ ಇದೆಂತಹ ಮಾತು ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮಿಂದ ಬೇರೆಯಾಗಿರುವ ಸಹೋದರರ ಇತಿಹಾಸವನ್ನೂ ಆರಾಧನೆಯನ್ನೂ ಅರಿತುಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರ ತನ್ನ ಐಕ್ಯದ ಆಜ್ಞಾಪತ್ರದಲ್ಲಿ ನಮಗೆ ತಿಳಿಸಿದೆ. ಅದಕ್ಕಿಂತಲೂ ಹತ್ತಿರದ ಕಾರಣವೊಂದಿದೆ. ನೇತ್ರಾವತಿಯ ಆಚೆ ದಡದ ಜೆಪ್ಪುವಿನಲ್ಲಿ ನಮ್ಮ ಸಂತ ಜೋಸೆಫರ ಸೆಮಿನರಿಯೂ ಇದೆ, ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹೂಡಿದ್ದೂ ಅಲ್ಲಿಯೇ. ನಮ್ಮ ಹಿರಿಯರ ಎಷ್ಟೋ ಮನೆಗಳ ಮಾಡಿಗೆ ಹೊದಿಸಿದ್ದು ಆ ಹಂಚು. ಅವರ ಹಂಚಿನ ನೆರಳಿನಲ್ಲಿ ಇಷ್ಟು ಕಾಲ ಬಾಳಿದ ನಾವು, ಅವರ ಬಿಷಪರನ್ನು ಆರಿಸುವವರು ಯಾರು ಎಂಬುದನ್ನೂ ಅರಿಯದೆ ಇರುವುದು ನೆರೆಹೊರೆಯ ಲಕ್ಷಣವಲ್ಲ.

ಆಡಳಿತದ ಗಡಿಯೆಂದರೆ ಬರಿಯ ನಕ್ಷೆಯ ಗೆರೆಯಲ್ಲವೆಂಬುದನ್ನು ಉಳ್ಳಾಲದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ರಸ್ತೆಯ ಸೇತುವೆ ಇಲ್ಲದಿದ್ದ ಕಾಲದಲ್ಲಿ ಮಂಗಳೂರಿನ ಕಚೇರಿಯಲ್ಲಿ ಒಂದು ಕಾಗದ ಮಾಡಿಸಬೇಕಾದರೆ ಹೊಳೆಯ ನೀರು ನೋಡಿ, ದೋಣಿಯವನ ಬಿಡುವು ನೋಡಿ ಹೊರಡಬೇಕಾಗಿತ್ತು. ಈಚಿನ ವರ್ಷಗಳಲ್ಲಿ ಉಳ್ಳಾಲವೇ ಒಂದು ತಾಲ್ಲೂಕಾಗಿದೆ. ತಹಶೀಲ್ದಾರರು ಹತ್ತಿರವಾದರೆ ಪಹಣಿಪತ್ರವೂ ಹತ್ತಿರವಾಗುತ್ತದೆ. ಧರ್ಮಾಧ್ಯಕ್ಷರು ಹತ್ತಿರವಾದರೆ ಭಕ್ತನಿಗೆ ಹತ್ತಿರವಾಗುವುದು ಏನು? ಅವರು ದೂರವಾದರೆ ದೂರವಾಗುವುದು ಏನು? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ನೆರೆಯವರ ಚರಿತ್ರೆಯನ್ನು ನೋಡೋಣ.

ಸಿ.ಎಸ್.ಐ.ಗೆ ಬಿಷಪರ ಪದವಿಯು ಬಂದುದು ಆಂಗ್ಲಿಕನ್ ಸಭೆಯಿಂದ, ಅಂದರೆ ಇಂಗ್ಲೆಂಡಿನ ರಾಜಸಭೆಯಿಂದ. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಮಂಗಳೂರು ಕಂಪೆನಿ ಸರಕಾರದ ಕೈಸೇರಿತು. ಆಗ ಇಡೀ ಹಿಂದುಸ್ಥಾನದಲ್ಲಿ ಒಬ್ಬನೇ ಒಬ್ಬ ಆಂಗ್ಲಿಕನ್ ಬಿಷಪನಿರಲಿಲ್ಲ. 1813ರ ಸನ್ನದು ಕಾಯಿದೆಯ ಬಲದಿಂದ 1814ರಲ್ಲಿ ಕಲ್ಕತ್ತೆಗೆ ಥಾಮಸ್ ಮಿಡ್ಲ್‌ಟನ್ ಎಂಬವರು ಪ್ರಥಮ ಬಿಷಪರಾಗಿ ಬಂದರು. ಅವರ ಧರ್ಮಪ್ರಾಂತದ ಎಲ್ಲೆ ಯಾವುದು? ಕಂಪೆನಿಯ ಆಳ್ವಿಕೆಯೆಲ್ಲವೂ. ಮಂಗಳೂರಿನ ಬಂದರದಲ್ಲಿದ್ದ ಕಲೆಕ್ಟರ ಸಾಹೇಬನ ಬಿಷಪರು ಇದ್ದದ್ದು ಕಲ್ಕತ್ತೆಯಲ್ಲಿ. ಇನ್ನೂ ವಿನೋದವೆಂದರೆ, 1824ರಿಂದ 1836ರ ತನಕ ಆಸ್ಟ್ರೇಲಿಯದ ಸಿಡ್ನಿಯೂ ಇದೇ ಕಲ್ಕತ್ತೆಯ ಬಿಷಪರ ವ್ಯಾಪ್ತಿಗೆ ಒಳಪಟ್ಟಿತ್ತು! ಒಬ್ಬ ಮನುಷ್ಯನ ಹೆಗಲ ಮೇಲೆ ಇಷ್ಟು ಭಾರ ಹೇರಿದುದರ ಫಲವು ಬೇಗನೆ ತಿಳಿದುಬಂತು. ಮಿಡ್ಲ್‌ಟನ್ನರು 1822ರಲ್ಲಿ ತೀರಿಕೊಂಡರು. ಅವರ ಬಳಿಕ ಬಂದ ರೆಜಿನಾಲ್ಡ್ ಹೀಬರರು ದಕ್ಷಿಣದ ಸಂದರ್ಶನಕ್ಕೆಂದು ಹೊರಟು 1826ರಲ್ಲಿ ತಿರುಚಿರಾಪಳ್ಳಿಯಲ್ಲಿ ಕಾಲವಾದರು. ಅನಂತರ ಬಂದ ಇಬ್ಬರೂ 1828 ಹಾಗೂ 1831ರಲ್ಲಿ ಅಧಿಕಾರದಲ್ಲಿರುವಾಗಲೇ ಗತಿಸಿದರು. ಹದಿನೇಳು ವರ್ಷಗಳಲ್ಲಿ ನಾಲ್ವರು ಬಿಷಪರ ಮರಣವಾದ ಮೇಲೆಯೇ ಪಾರ್ಲಿಮೆಂಟಿನವರು ಎಚ್ಚೆತ್ತು 1833ರ ಕಾಯಿದೆಯಲ್ಲಿ ಇನ್ನೆರಡು ಧರ್ಮಪ್ರಾಂತಗಳಿಗೆ ಅವಕಾಶ ಕಲ್ಪಿಸಿದರು. 1835ರಲ್ಲಿ ಮದ್ರಾಸೂ 1837ರಲ್ಲಿ ಮುಂಬಯಿಯೂ ಬಿಷಪರ ಪೀಠಗಳಾದವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಈ ಧರ್ಮಪ್ರಾಂತಗಳಿಗೆ ಎಲ್ಲೆಯನ್ನು ಎಳೆದವರು ಸಭೆಯವರಲ್ಲ, ಸರಕಾರದವರು. ಪ್ರೆಸಿಡೆನ್ಸಿಯ ಗಡಿಯೇ ಬಿಷಪರ ಗಡಿ. ಬಿಷಪರನ್ನು ನೇಮಿಸುವವರು ಇಂಗ್ಲೆಂಡಿನ ಅರಸರು, ದಂಡಿನ ಪಾದ್ರಿಗಳಿಗೆ ಸಂಬಳ ಕೊಡುವವರು ಕಂಪೆನಿಯವರು. ಹೀಗಾಗಿ ಕನ್ನಡ ನಾಡು ಹೇಗೆ ರಾಜ್ಯಾಡಳಿತದಲ್ಲಿ ಹರಿದು ಹಂಚಿಹೋಗಿತ್ತೋ ಹಾಗೆಯೇ ಆಂಗ್ಲಿಕನ್ ಆಡಳಿತದಲ್ಲಿಯೂ ಹಂಚಿಹೋಯಿತು. ಮಂಗಳೂರು, ಬೆಂಗಳೂರುಗಳು ಮದ್ರಾಸಿನ ಬಿಷಪರಿಗೆ, ಧಾರವಾಡ, ಬೆಳಗಾವಿಗಳು ಮುಂಬಯಿಯ ಬಿಷಪರಿಗೆ. ಮಂಗಳೂರಿನ ನೆಹರೂ ಮೈದಾನದ ಬಳಿ 1840ರ ದಶಕದಲ್ಲಿ ಎದ್ದುನಿಂತ ಸಂತ ಪೌಲರ ದೇವಾಲಯವನ್ನು ತಾವೆಲ್ಲ ನೋಡಿದ್ದೀರಿ. ಅದರ ಬಿಷಪರು ನಾಲ್ಕುನೂರು ಮೈಲು ಆಚೆಗೆ, ಬಂಗಾಳ ಕೊಲ್ಲಿಯ ತೀರದಲ್ಲಿ ವಾಸವಾಗಿದ್ದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕಾರವಾರದವರ ಮಾತೂ ಬದಲಾಗಲಿಲ್ಲ, ಕಡಲೂ ಬದಲಾಗಲಿಲ್ಲ, ಸರಕಾರ ಮಾತ್ರ ಬದಲಾಯಿತು.

ಇದನ್ನು ಕೇಳಿ ನಗುವ ಅಧಿಕಾರ ನಮಗಿಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನು ಯಾರ ಹಡಗುಗಳನ್ನು ಎದುರಿಸಿದಳೋ ಆ ಪೋರ್ಚುಗೀಸರ ಅರಸನ ಪೋಷಕತ್ವದಲ್ಲಿಯೇ ನಮ್ಮ ಪೂರ್ವಜರ ಇಗರ್ಜಿಗಳು ಗೋವೆಯ ಆರ್ಚ್‌ಬಿಷಪರಿಗೆ ಅಧೀನವಾಗಿದ್ದವು. 1838ರಲ್ಲಿ ರೋಮಿನ ಆಜ್ಞೆಯಿಂದ ಆ ಅಧೀನತೆಗೆ ಕೊಡಲಿಯೇಟು ಬಿದ್ದಾಗ ಕನ್ನಡ ಕರಾವಳಿಯ ಕಥೊಲಿಕರು ಎರಡು ಪಂಗಡವಾದುದು ನಮ್ಮ ಅಜ್ಜಂದಿರ ಬಾಯಿಂದ ಇಳಿದುಬಂದ ಕಥೆ. ಗೋವೆಯೋ ರೋಮೋ ಎಂಬ ಆ ಜಗಳವು 1886ರ ಒಪ್ಪಂದದಿಂದ ಕಾಗದದ ಮೇಲೆ ತೀರಿತು. ಮನಸ್ಸುಗಳಲ್ಲಿ ತೀರಲಿಲ್ಲ. ಬ್ರಹ್ಮಾವರದಲ್ಲಿ ಒಂದು ಗುಂಪು ಆಲ್ವಾರಿಸ್ ಪಾದ್ರಿಗಳ ಹಿಂದೆ ಹೋಗಿ ಸಿರಿಯನ್ ಓರ್ಥೊಡೊಕ್ಸ್ ಸಭೆಯನ್ನು ಸೇರಿತು. 1889ರಲ್ಲಿ ಅವರು ಬಿಷಪರಾಗಿ ಅಭಿಷಿಕ್ತರಾದರು. ವಿಶ್ವಾಸಸೂತ್ರದ ಒಂದಕ್ಷರಕ್ಕಾಗಿಯೂ ಆರಂಭವಾಗದ ಜಗಳವದು. ಯಾರ ಗಡಿಯೊಳಗೆ ಯಾರು ಎಂಬ ಪ್ರಶ್ನೆಯಿಂದ ಒಂದೇ ಮನೆತನದವರು ಇಂದಿಗೂ ಎರಡು ಸಭೆಗಳಲ್ಲಿದ್ದಾರೆ.

ಮತ್ತೆ ನೆರೆಮನೆಗೆ ಬರೋಣ. ಆಂಗ್ಲಿಕನರಲ್ಲಿ ಸರಕಾರದ ಗಡಿಯನ್ನು ಮೀರಿ ಜನರ ಭಾಷೆಯನ್ನು ನೋಡುವ ಪ್ರಯತ್ನವು ನಿಧಾನವಾಗಿ ಮೊಳೆಯಿತು. 1896ರಲ್ಲಿ ತಿರುನೆಲ್ವೇಲಿಯ ತಮಿಳು ಸಭೆಗಳಿಗೆ ಪ್ರತ್ಯೇಕ ಬಿಷಪರು ದೊರಕಿದರು. 1912ರ ದಶಂಬರದಲ್ಲಿ ವಿ. ಎಸ್. ಅಜರಯ್ಯನವರು ಕಲ್ಕತ್ತೆಯಲ್ಲಿ ಅಭಿಷಿಕ್ತರಾಗಿ ನಿಜಾಮನ ಸೀಮೆಯ ದೋರ್ನಕಲ್ಲಿಗೆ ಬಿಷಪರಾದರು. ಆಂಗ್ಲಿಕನ್ ಸಭೆಯಲ್ಲಿ ಪ್ರಥಮ ಭಾರತೀಯ ಬಿಷಪರು ಅವರೇ. ಅವರು ತಮಿಳರು, ಅವರ ಮಂದೆ ತೆಲುಗರದು. ಆ ತೆಲುಗು ಧರ್ಮಪ್ರಾಂತವು ಮುಂದೆ ಬ್ರಿಟಿಷ್ ಸೀಮೆಯ ತೆಲುಗು ಜಿಲ್ಲೆಗಳಿಗೂ ವಿಸ್ತರಿಸಿತು. ಕನ್ನಡಿಗರಿಗೆ ಆ ಭಾಗ್ಯವಿರಲಿಲ್ಲ. ಕನ್ನಡ ನಾಡಿಗೆಂದೇ ಒಬ್ಬ ಆಂಗ್ಲಿಕನ್ ಬಿಷಪರು 1947ರ ತನಕ ಆಗಲಿಲ್ಲ.

1927ರ ಕಾಯಿದೆಯಂತೆ 1930ರ ಮಾರ್ಚ್ 1ರಂದು ಭಾರತ, ಬರ್ಮಾ ಮತ್ತು ಸಿಲೋನಿನ ಆಂಗ್ಲಿಕನ್ ಸಭೆಯು ಇಂಗ್ಲೆಂಡಿನ ಸರಕಾರದ ಹಿಡಿತದಿಂದ ಬಿಡುಗಡೆ ಹೊಂದಿತು. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಹದಿನೇಳು ವರ್ಷ ಮುಂಚೆ! ಅಂದಿನಿಂದ ಬಿಷಪರು, ಪಾದ್ರಿಗಳು, ಶ್ರೀಸಾಮಾನ್ಯರು ಎಂಬ ಮೂರು ವರ್ಗದವರೂ ಕೂಡಿದ ಮಹಾಮಂಡಳಿಯು ಆ ಸಭೆಯನ್ನು ಆಳತೊಡಗಿತು. ಪ್ರತಿಯೊಂದು ಧರ್ಮಪ್ರಾಂತಕ್ಕೂ ತನ್ನದೇ ಮಂಡಳಿ ಇತ್ತು. ಬಿಷಪನಿಲ್ಲದೆ ಸಭೆಯಿಲ್ಲ, ಸಭಿಕರ ಮಾತಿಲ್ಲದೆ ಬಿಷಪನ ಆಜ್ಞೆಯಿಲ್ಲ ಎಂಬ ಪದ್ಧತಿ ಅದು. ಇದನ್ನು ನಾವು ಇಷ್ಟು ಒತ್ತಿ ಹೇಳುವುದೇಕೆಂದರೆ, ಸಿ.ಎಸ್.ಐ.ಯ ಆಡಳಿತದ ಬೇರು ಇಲ್ಲಿದೆ.

ಒಂದೇ ಬೇರಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಐಕ್ಯದ ಮಾತುಕತೆಯು ಇಪ್ಪತ್ತೆಂಟು ವರ್ಷ ನಡೆಯಿತು. ಬಿಷಪರುಳ್ಳ ಆಂಗ್ಲಿಕನರು, ಬಿಷಪರಿಲ್ಲದ ಮೆಥೊಡಿಸ್ಟರು, ಹಿರಿಯರ ಸಭೆಯಿಂದಲೇ ಎಲ್ಲವನ್ನೂ ನಡೆಸುವ ಪ್ರೆಸ್ಬಿಟೇರಿಯನರು ಹಾಗೂ ಪ್ರತಿಯೊಂದು ಊರಸಭೆಯೂ ಸ್ವತಂತ್ರವೆನ್ನುವ ಕಾಂಗ್ರಿಗೇಶನಲಿಸ್ಟರು, ಇವರೆಲ್ಲರೂ 1947ರ ಸಪ್ತಂಬರ 27ರಂದು ಮದ್ರಾಸಿನ ಸಂತ ಜಾರ್ಜರ ಕೆಥೆಡ್ರಲಿನಲ್ಲಿ ಒಂದಾದರು. ಹೊಸ ಸಭೆಗೆ ಹದಿನಾಲ್ಕು ಧರ್ಮಪ್ರಾಂತಗಳು. ಅವುಗಳಲ್ಲಿ ಮೈಸೂರು ಒಂದು. ಅದರ ಪ್ರಥಮ ಬಿಷಪರಾದವರು ಮೆಥೊಡಿಸ್ಟ್ ಸಂಪ್ರದಾಯದಿಂದ ಬಂದ ಪಿ. ಗುರುಶಾಂತರು. ಬಿಷಪರೇ ಇಲ್ಲದ ಸಂಪ್ರದಾಯದವರು ಬಿಷಪರಾದರು ಎಂಬುದರಲ್ಲಿಯೇ ಆ ಒಕ್ಕೂಟದ ಧೈರ್ಯವು ಕಾಣುತ್ತದೆ. ಇನ್ನೊಂದು ಸೂಕ್ಷ್ಮ: ಅವರನ್ನು 'ಮೈಸೂರಿನ ಬಿಷಪ್' ಎನ್ನದೆ 'ಮೈಸೂರಿನಲ್ಲಿ ಬಿಷಪ್' ಎಂದು ಬರೆಯುವ ರೂಢಿ ಬಂತು. ಷಷ್ಠಿಯನ್ನು ಬಿಟ್ಟು ಸಪ್ತಮಿಯನ್ನು ಹಿಡಿದರು. ವ್ಯಾಕರಣ ಬಲ್ಲವರು ಇದರ ರುಚಿಯನ್ನು ತಾವೇ ಕಂಡುಕೊಳ್ಳಲಿ.

ನಮ್ಮ ಮಂಗಳೂರು ಆಗ ಎಲ್ಲಿತ್ತು? ಹೊರಗಿತ್ತು. ಇದು ಬಹುಮಂದಿಗೆ ತಿಳಿಯದ ಸಂಗತಿ. 1834ರ ಅಕ್ಟೋಬರದಲ್ಲಿ ಸಾಮುವೇಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿನಲ್ಲಿ ಇಳಿದಂದಿನಿಂದ ಇಲ್ಲಿನ ಪ್ರೊಟೆಸ್ಟಂಟ್ ಸಭೆಗಳಿಗೆ ಬಾಸೆಲ್ ಮಿಶನ್ನೇ ತಾಯಿ. ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದ ಒಂದು ಕಮಿಟಿಯು ಮಂಗಳೂರು, ಧಾರವಾಡ, ತಲಶ್ಶೇರಿ, ಕಲ್ಲಿಕೋಟೆಗಳ ಶಾಲೆ, ಮುದ್ರಣಾಲಯ, ನೇಯ್ಗೆಶಾಲೆಗಳನ್ನೆಲ್ಲ ದೂರದಿಂದ ನಡೆಸುತ್ತಿತ್ತು. 1914ರ ಮಹಾಯುದ್ಧ ಬಂತು. ಮಿಶನರಿಗಳಲ್ಲಿ ಅನೇಕರು ಜರ್ಮನರಾಗಿದ್ದುದರಿಂದ ಅವರನ್ನು ಸರಕಾರವು ಬಂಧನದಲ್ಲಿರಿಸಿ ಹೊರಗೆ ಕಳುಹಿಸಿತು. ಅವರ ಕಾರ್ಖಾನೆಗಳು ಅವರ ಕೈಬಿಟ್ಟುಹೋದವು. (ನಮ್ಮ ಜೆಸ್ವಿತ್ ಪಾದ್ರಿಗಳು ಇಟಲಿಯವರಾದುದರಿಂದ ನಾವು ಆ ಕಷ್ಟದಿಂದ ಪಾರಾದೆವು. ಜರ್ಮನ್ ಜೆಸ್ವಿತರಿದ್ದ ಮುಂಬಯಿ, ಪುಣೆಯ ಕಥೊಲಿಕರು ಪಾರಾಗಲಿಲ್ಲ.) ದೂರದ ಕಮಿಟಿಯ ಕೈಯಲ್ಲಿ ಎಲ್ಲವನ್ನೂ ಇಟ್ಟು ನಿಶ್ಚಿಂತೆಯಿಂದಿದ್ದ ಊರಸಭೆಗಳು ಒಂದೇ ದಿನದಲ್ಲಿ ತಬ್ಬಲಿಗಳಂತಾದವು. ಸ್ವಂತ ಆಡಳಿತವು ಬೇಕೆಂಬ ಅರಿವು ಅವರಿಗೆ ಉಪದೇಶದಿಂದ ಹುಟ್ಟಲಿಲ್ಲ, ಈ ಪೆಟ್ಟಿನಿಂದ ಹುಟ್ಟಿತು.

ಒಕ್ಕೂಟದ ಕಾಲ ಬಂದಾಗ ಬಾಸೆಲ್ ಮಿಶನ್ನಿನ ಮಲಯಾಳ ಭಾಗದ ಸಭೆಗಳು 1947ರಲ್ಲಿಯೇ ಸಿ.ಎಸ್.ಐ.ಯ ಒಳಗಿದ್ದವು. ಕನ್ನಡ ಭಾಗದ ಸಭೆಗಳು, ಅಂದರೆ ದಕ್ಷಿಣ ಕನ್ನಡದವು ಹಾಗೂ ಧಾರವಾಡದ ಕಡೆಯವು, ತಡೆದು ನಿಂತು ಅನಂತರದ ವರ್ಷಗಳಲ್ಲಿ ಸೇರಿದವು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬನು ಮೊದಲು ಹೊರಟ, ಇನ್ನೊಬ್ಬನು ಹೊಸ್ತಿಲಲ್ಲಿ ನಿಂತು ಬಹಳ ಯೋಚಿಸಿದ. ಕೆಲವು ಸಭೆಗಳು ಕೊನೆಗೂ ಸೇರಲಿಲ್ಲ. ಯು.ಬಿ.ಎಂ.ಸಿ. ಎಂಬ ಹಳೆಯ ಹೆಸರನ್ನು ಉಳಿಸಿಕೊಂಡವು ಉಡುಪಿಯ ಕಡೆ ಇಂದಿಗೂ ಇವೆ. ಕೋಲಾರ, ಬೀದರ, ಬೆಳಗಾವಿಗಳ ಅಮೆರಿಕನ್ ಮೆಥೊಡಿಸ್ಟರೂ ತಮ್ಮ ದಾರಿಯನ್ನೇ ಹಿಡಿದರು.

1970ರ ಸುಮಾರಿಗೆ ಮೈಸೂರು ಧರ್ಮಪ್ರಾಂತವನ್ನು ಮೂರಾಗಿ ಮಾಡಿದರು. ಬೆಂಗಳೂರು ಕೇಂದ್ರವಾದ ಕರ್ನಾಟಕ ಮಧ್ಯ ಧರ್ಮಪ್ರಾಂತ, ಧಾರವಾಡ ಕೇಂದ್ರವಾದ ಉತ್ತರ ಧರ್ಮಪ್ರಾಂತ, ಮಂಗಳೂರು ಕೇಂದ್ರವಾದ ದಕ್ಷಿಣ ಧರ್ಮಪ್ರಾಂತ. ಬಲ್ಮಠದ ಶಾಂತಿ ಕೆಥೆಡ್ರಲು ಈ ಮೂರನೆಯದರ ಪೀಠ. ಕಲ್ಕತ್ತೆಯಿಂದ ಮದ್ರಾಸಿಗೆ, ಮದ್ರಾಸಿನಿಂದ ಬಲ್ಮಠಕ್ಕೆ. ಬಿಷಪರು ಮೈದಾನದ ಬಳಿಯ ಆ ಹಳೆಯ ಸಂತ ಪೌಲರ ದೇವಾಲಯಕ್ಕೆ ನಡೆದು ಬರುವಷ್ಟು ಹತ್ತಿರವಾಗಲು ನೂರ ಐವತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ಆದರೂ ಈ ದಕ್ಷಿಣ ಧರ್ಮಪ್ರಾಂತವು ಕರಾವಳಿಗೆ ಮುಗಿಯುವುದಿಲ್ಲ. ಕೊಡಗೂ ಮೈಸೂರೂ ಅದರೊಳಗಿವೆ. ಮೈಸೂರಿನ ಸಭೆಗಳು ಮೆಥೊಡಿಸ್ಟ್ ಸಂಪ್ರದಾಯದವು, ಇಲ್ಲಿನವು ಬಾಸೆಲ್ ಸಂಪ್ರದಾಯದವು. ಅಲ್ಲಿ ಮನೆಮಾತು ಕನ್ನಡ, ಇಲ್ಲಿ ಬಹುಮಟ್ಟಿಗೆ ತುಳು. ನಡುವೆ ಘಟ್ಟ. ಮಳೆಗಾಲದಲ್ಲಿ ಸಂಪಾಜೆಯ ದಾರಿಯಲ್ಲಿ ಮಣ್ಣು ಜರಿದರೆ ಸಭೆಗೆ ಬರಬೇಕಾದ ಪ್ರತಿನಿಧಿ ಮಡಿಕೇರಿಯಲ್ಲಿ ಉಳಿಯಬೇಕಾಗುತ್ತದೆ. ಗಡಿಯನ್ನು ಎಷ್ಟು ಬುದ್ಧಿವಂತಿಕೆಯಿಂದ ಎಳೆದರೂ ಅದು ಒಬ್ಬನಿಗೆ ಹತ್ತಿರವಾದಾಗ ಇನ್ನೊಬ್ಬನಿಗೆ ದೂರವಾಗುವುದು ತಪ್ಪುವುದಿಲ್ಲ.

ಈಗ ಆಡಳಿತದ ಕ್ರಮ. ಊರಸಭೆಯಲ್ಲಿ ಸಭಾಪಾಲಕರೊಂದಿಗೆ ಸದಸ್ಯರೇ ಮತ ಹಾಕಿ ಆರಿಸಿದ ಸಮಿತಿಯೊಂದು ಲೆಕ್ಕಪತ್ರ, ಕಟ್ಟಡ, ಬಡವರ ನಿಧಿಗಳನ್ನು ನೋಡಿಕೊಳ್ಳುತ್ತದೆ. ಅಲ್ಲಿಂದ ಪ್ರತಿನಿಧಿಗಳು ಧರ್ಮಪ್ರಾಂತದ ಮಂಡಳಿಗೆ ಹೋಗುತ್ತಾರೆ. ಅಲ್ಲಿ ಪಾಲಕರೂ ಶ್ರೀಸಾಮಾನ್ಯರೂ, ಹೆಂಗಸರೂ ಗಂಡಸರೂ ಕೂಡಿ ಕೂರುತ್ತಾರೆ. ಬಿಷಪರ ಸ್ಥಾನವು ತೆರವಾದಾಗ ಈ ಮಂಡಳಿಯೇ ಮತದಾನದಿಂದ ಕೆಲವು ಹೆಸರುಗಳ ಪಟ್ಟಿಯನ್ನು ಮಾಡಿ ಸಿನಾಡಿಗೆ ಕಳುಹಿಸುತ್ತದೆ. ಆ ಪಟ್ಟಿಯಿಂದ ಒಬ್ಬರನ್ನು ಸಿನಾಡಿನವರು ಆರಿಸುತ್ತಾರೆ. ಊರಿನವರು ಮುಂದಿಟ್ಟವರಲ್ಲದೆ ಇತರರು ಆಗುವಂತಿಲ್ಲ, ಊರಿನವರು ಮಾತ್ರವೇ ನಿರ್ಧರಿಸುವಂತೆಯೂ ಇಲ್ಲ. ಸಿನಾಡಿನ ಕಚೇರಿ ಚೆನ್ನೈಯಲ್ಲಿದೆ. 24 ಧರ್ಮಪ್ರಾಂತಗಳ ಪ್ರತಿನಿಧಿಗಳು ಮೂರು ವರ್ಷಕ್ಕೊಮ್ಮೆ ಸೇರಿ ಬಿಷಪರಲ್ಲೊಬ್ಬರನ್ನು ಮಾಡರೇಟರರನ್ನಾಗಿ ಚುನಾಯಿಸುತ್ತಾರೆ. ಈ ಧರ್ಮಪ್ರಾಂತಗಳಲ್ಲಿ ಒಂದು ಶ್ರೀಲಂಕೆಯ ಯಾಪ್ಪಾಣದ್ದು.

ಇಂತಹ ಪದ್ಧತಿಯಿಂದ ಏನು ಸಾಧ್ಯವೆಂಬುದಕ್ಕೆ ನಮ್ಮ ರಾಜ್ಯದ ಗಡಿಯಾಚೆಯ ನಂದ್ಯಾಲದ ಉದಾಹರಣೆಯನ್ನು ಕೊಡುತ್ತೇವೆ. 1947ರಲ್ಲಿ ಅಲ್ಲಿನ ಆಂಗ್ಲಿಕನರಲ್ಲಿ ಒಂದು ಭಾಗವು ಒಕ್ಕೂಟಕ್ಕೆ ಬರಲೊಪ್ಪದೆ ದೂರದ ಕಲ್ಕತ್ತೆಗೇ ಅಂಟಿಕೊಂಡಿತು. ಸುತ್ತಲೂ ಸಿ.ಎಸ್.ಐ., ನಡುವೆ ದ್ವೀಪದಂತೆ ಇವರು. ಯಾರೂ ಅವರ ಬಾಗಿಲನ್ನು ಒಡೆಯಲಿಲ್ಲ. ದಶಕಗಳ ಬಳಿಕ ಅವರೇ ಬಂದು ಸೇರಿದರು. ಅದೇ ನಂದ್ಯಾಲಕ್ಕೆ 2013ರಲ್ಲಿ ಇ. ಪುಷ್ಪಲಲಿತಾ ಎಂಬವರು ಬಿಷಪರಾದರು. ಸಿ.ಎಸ್.ಐ.ಯ ಪ್ರಥಮ ಮಹಿಳಾ ಬಿಷಪರು ಅವರು. ಸ್ತ್ರೀಯರ ಗುರುದೀಕ್ಷೆಯ ವಿಷಯದಲ್ಲಿ ನಮ್ಮ ಶ್ರೀಸಭೆಯ ನಿಲುವು ಬೇರೆಯೆಂಬುದು ಸರ್ವವಿದಿತ. ಇಲ್ಲಿ ಅದರ ಚರ್ಚೆಗೆ ನಾವು ಕೈಹಾಕುವುದಿಲ್ಲ. ಕಾದು ಕುಳಿತು ಒಲಿಸಿಕೊಳ್ಳುವ ಆ ತಾಳ್ಮೆಯನ್ನಷ್ಟೇ ಬೊಟ್ಟುಮಾಡುತ್ತೇವೆ.

ನಾಣ್ಯದ ಇನ್ನೊಂದು ಮುಖವನ್ನು ಮರೆಮಾಚಿದರೆ ನೆರೆಯವರೇ ನಮ್ಮನ್ನು ನೋಡಿ ನಕ್ಕಾರು. ಮತವಿದ್ದಲ್ಲಿ ಪಕ್ಷವಿದೆ, ಪಕ್ಷವಿದ್ದಲ್ಲಿ ವ್ಯಾಜ್ಯವಿದೆ. ಸಿ.ಎಸ್.ಐ.ಯ ಚುನಾವಣೆಗಳು ಪದೇ ಪದೇ ನ್ಯಾಯಾಲಯದ ಮೆಟ್ಟಿಲೇರಿವೆ. 2024ರ ಎಪ್ರಿಲಿನಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ಸಿನಾಡಿನ ಆಡಳಿತಕ್ಕೂ ಚುನಾವಣೆಗೂ ಇಬ್ಬರು ನಿವೃತ್ತ ನ್ಯಾಯಾಧೀಶರನ್ನು ನೇಮಿಸಿತು. ವಿಷಯವು ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. 1930ರಲ್ಲಿ ಸರಕಾರದ ಕೈಯಿಂದ ಬಿಡಿಸಿಕೊಂಡ ಅಧಿಕಾರವನ್ನು ತಮ್ಮತಮ್ಮಲ್ಲೇ ಹೊಂದಿಕೊಂಡು ನಡೆಸಲಾಗದೆ ಮತ್ತೆ ಸರಕಾರದ ನ್ಯಾಯಸ್ಥಾನಕ್ಕೆ ಒಪ್ಪಿಸಬೇಕಾದುದನ್ನು ಕಂಡು ಆ ಸಭೆಯ ಹಿರಿಯರೇ ನೊಂದುಕೊಂಡಿದ್ದಾರೆ. ಆದರೂ, ಮತದ ಹಕ್ಕನ್ನೇ ಕಿತ್ತುಹಾಕೋಣವೆಂದು ಅವರಲ್ಲಿ ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ರೋಗವು ಚುನಾವಣೆಯದಲ್ಲ, ಆಸ್ತಿಯದು ಎಂಬುದು ನಮ್ಮ ಅಭಿಪ್ರಾಯ. ಹಳೆಯ ಮಿಶನುಗಳು ಬಿಟ್ಟುಹೋದ ಪೇಟೆಯ ನಡುವಿನ ಜಾಗಗಳು ಇಲ್ಲದಿದ್ದಲ್ಲಿ ಇಷ್ಟು ಕಾವು ಏರುತ್ತಿರಲಿಲ್ಲ.

ನಮ್ಮಲ್ಲಿ ಬಿಷಪರನ್ನು ನೇಮಿಸುವವರೂ ಧರ್ಮಪ್ರಾಂತವನ್ನು ವಿಂಗಡಿಸುವವರೂ ಪೋಪ್ ಜಗದ್ಗುರುಗಳು. ಆದುದರಿಂದ ಪಕ್ಷ, ಪ್ರತಿಪಕ್ಷಗಳ ಕಾಟ ಕಡಿಮೆ. ಹಾಗೆಂದು ಶ್ರೀಸಾಮಾನ್ಯನಿಗೆ ಕೆಲಸವೇ ಇಲ್ಲವೆಂದು ಭಾವಿಸಿ ಕೈಕಟ್ಟಿ ಕೂರುವವರು 1983ರ ಧರ್ಮಸಂಹಿತೆಯನ್ನು ಓದಬೇಕು. ಪ್ರತಿಯೊಂದು ವಿಚಾರಣೆಯಲ್ಲಿಯೂ ಹಣಕಾಸಿನ ಸಮಿತಿ ಇರಲೇಬೇಕೆಂದು ಅದು ವಿಧಿಸಿದೆ. ಪಾಲನಾ ಪರಿಷತ್ತಿಗೂ ಅದರಲ್ಲಿ ಸ್ಥಾನವಿದೆ. ಅದು ಸಲಹೆಗಷ್ಟೇ ಎಂಬುದು ನಿಜ. ಆದರೆ ಸಲಹೆ ಕೊಡಬೇಕಾದವರೇ ಸಭೆಗೆ ಬಾರದಿದ್ದರೆ ವಿಗಾರರು ಗೋಡೆಯೊಡನೆ ಸಮಾಲೋಚಿಸಬೇಕೇ? ವಾಡೆಯ ಗುರ್ಕಾರರನ್ನು ಆರಿಸುವ ಕೂಟಕ್ಕೆ ಎಷ್ಟು ಮನೆಗಳಿಂದ ಜನ ಬರುತ್ತಾರೆಂಬುದನ್ನು ಇಲ್ಲಿ ಕುಳಿತವರು ನಮಗಿಂತ ಚೆನ್ನಾಗಿ ಬಲ್ಲರು. ಮತ ಹಾಕುವ ಹಕ್ಕಿಗಾಗಿ ನೆರೆಯವರು ನ್ಯಾಯಾಲಯದ ತನಕ ಹೋಗುತ್ತಾರೆ; ಮನೆ ಬಾಗಿಲಿಗೆ ಬಂದ ಕೂಟಕ್ಕೂ ಹೋಗದ ನಮ್ಮ ಔದಾಸೀನ್ಯವು ಅದಕ್ಕಿಂತ ದೊಡ್ಡ ಸದ್ಗುಣವೆಂದು ನಾವು ಒಪ್ಪಲಾರೆವು.

ಗಡಿಯ ವಿಷಯದಲ್ಲಿ ಕೊನೆಯದಾಗಿ ಒಂದು ಮಾತು. ನಮ್ಮ ಮಂಗಳೂರು ಧರ್ಮಪ್ರಾಂತವೂ ಅಂದಿನಂತೆ ಇಂದಿಲ್ಲ. 1923ರಲ್ಲಿ ಕಲ್ಲಿಕೋಟೆಯು ಪ್ರತ್ಯೇಕವಾಯಿತು. 1997ರಲ್ಲಿ ಸರಕಾರವು ಉಡುಪಿ ಜಿಲ್ಲೆಯನ್ನು ಮಾಡಿತು, 2012ರಲ್ಲಿ ರೋಮ್ ಉಡುಪಿ ಧರ್ಮಪ್ರಾಂತವನ್ನು ಮಾಡಿತು. ಇಲ್ಲಿ ಶ್ರೀಸಭೆಯು ಸರಕಾರದ ಗೆರೆಯ ಹಿಂದೆಯೇ ನಡೆಯಿತೆನ್ನಬೇಕು, ಹದಿನೈದು ವರ್ಷ ತಡೆದು. ದಕ್ಷಿಣದಲ್ಲಿ ಹಾಗಾಗಲಿಲ್ಲ. 1956ರ ನವಂಬರ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಉಳ್ಳಾಲದಿಂದ ತಲಪಾಡಿ ದಾಟಿದರೆ ಬಸ್ಸಿನ ಫಲಕದ ಲಿಪಿಯು ಬದಲಾಗುತ್ತದೆ. ಆದರೆ ಮಂಜೇಶ್ವರದ, ಬೇಳದ ಇಗರ್ಜಿಗಳು ಮಂಗಳೂರಿನ ಧರ್ಮಾಧ್ಯಕ್ಷರ ಅಧೀನದಲ್ಲಿಯೇ ಇವೆ. ಅಲ್ಲಿ ದೃಢೀಕರಣ ಸಂಸ್ಕಾರಕ್ಕೆ ಬಿಷಪರು ಹೋಗುವಾಗ ಇದೇ ಉಳ್ಳಾಲದ ಸೇತುವೆಯ ಮೇಲಿಂದ, ನಮ್ಮ ತೊಕ್ಕೊಟ್ಟಿನ ದಾರಿಯಿಂದಲೇ ಹೋಗುತ್ತಾರೆ.